ಮೂವತ್ತೊಂದನೇ ಬಳ್ಳಿಯ ಬುಡ

ಮೊನ್ನೆ ಬುಧವಾರ ಬೆಳಿಗ್ಗೆ ತೋಟದ ಕೆಳಗಿನ ಪಟ್ಟಿಯಲ್ಲಿ ನನಗೆ ಕೊಬ್ಬರಿಯ ವಾಸನೆ ಬಂತು. ನಮ್ಮ ತೋಟದಲ್ಲಿ ತೆಂಗಿನ ಮರವಿಲ್ಲ. ನಾನು ತಿಂದು ಬಂದಿದ್ದು ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ. ಅದರಲ್ಲೂ ಕಾಯಿ ಇರಲಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ವಿಷಯದಲ್ಲಿ ನಾನು ಒಮ್ಮೆ ಅವಸರದಿಂದ ಮಾತಾಡಿ ಕೆಟ್ಟಿದ್ದೇನೆ. ಇನ್ನು ಮೇಲೆ ಕಂಡದ್ದನ್ನು ಕಂಡಷ್ಟೇ ಹೇಳಬೇಕು ಎಂದುಕೊಂಡಿದ್ದೇನೆ. ನೀವು ಜೊತೆಗಿದ್ದರೆ ಸ್ವಲ್ಪ ಹುಷಾರಾಗಿರುತ್ತೇನೆ.

ಕಂಡದ್ದು ಇಷ್ಟು. ಹಿಂದಿನ ಸಂಜೆ ಮಳೆಯಾಗಿತ್ತು. ಮೂವತ್ತೊಂದನೇ ಕರಿಮೆಣಸಿನ ಬಳ್ಳಿಯ ಬುಡದಲ್ಲಿ ಕೂತು, ಅಲ್ಲಿ ಬಿದ್ದಿದ್ದ ಸಿಲ್ವರ್ ಮರದ ತರಗೆಲೆಯನ್ನು ಪದರ ಪದರವಾಗಿ ಎತ್ತಿದೆ. ಮೇಲಿನ ಪದರದಲ್ಲಿ ಎಲೆ ಎಲೆಯಾಗಿಯೇ ಇತ್ತು. ಅದರ ಕೆಳಗಿನದು ಕಪ್ಪಾಗಿ, ನರ ಮಾತ್ರ ಉಳಿದು, ಹರಿದ ಸೊಳ್ಳೆಪರದೆಯಂತಿತ್ತು. ಅದಕ್ಕೂ ಕೆಳಗೆ ಎಲೆ ಯಾವುದು, ಮಣ್ಣು ಯಾವುದು ಎಂದು ಹೇಳುವಂತಿರಲಿಲ್ಲ. ಅಲ್ಲೆಲ್ಲ ಕೂದಲಿಗಿಂತ ತೆಳುವಾದ ಬಿಳಿಯ ನೂಲು. ಎಲೆಯಿಂದ ಎಲೆಗೆ, ಎಲೆಯಿಂದ ಬಳ್ಳಿಯ ಬೇರಿಗೆ. ಎರಡು ಕಡೆ ಹಸಿರು ಪುಡಿ ಉದುರಿಸಿದಂಥ ಮಚ್ಚೆ. ವಾಸನೆ ಬರುತ್ತಿದ್ದುದು ಅಲ್ಲಿಂದ.

ನಾನು ಅಲ್ಲಿ ಕೂತದ್ದಕ್ಕೂ ಕಾರಣವಿದೆ. ತೋಡಿನ, ಎಂದರೆ ಸಣ್ಣ ಹಳ್ಳದ, ಆಚೆಯ ತೋಟದ ಪೂವಯ್ಯಣ್ಣ ಈ ಮಳೆಗೆ ಹೊಸದಾಗಿ ಮೆಣಸಿನ ಬಳ್ಳಿ ನೆಡುತ್ತಿದ್ದಾರೆ. ಹೋದ ವಾರ ಬಂದು ಕಾಫಿ ಕುಡಿದು, ಏಳುವಾಗ ಹೇಳಿದರು: "ಟೀಚರೇ, ಈ ಸಲ ಬುಡಕ್ಕೆ ಎಂತ ಹಾಕೋದು ಅಂತ ಭಾನುವಾರದ ಒಳಗೆ ಹೇಳಿ. ನೀವು ಹೇಳಿದ ಹಾಗೇ ಮಾಡ್ತೇನೆ."

ಆ ಕೊನೆಯ ಮಾತಿಗೇ ನಾನು ಬುಧವಾರ ಬಳ್ಳಿಯ ಬುಡಕ್ಕೆ ಹೋಗಿ ಕೂತದ್ದು. ಯಾಕೆಂದರೆ ಮೂರು ವರ್ಷದ ಹಿಂದೆಯೂ ಅವರು ನಾನು ಹೇಳಿದ ಹಾಗೇ ಮಾಡಿದ್ದರು. ಆ ಮಳೆಗಾಲದಲ್ಲಿ ಅವರ ಬಳ್ಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು.

ಇದನ್ನು ಹೇಳಬೇಕಾದರೆ ಮೊದಲು ನನ್ನ ಮಾವನವರ ಬರಲಿನ ವಿಷಯ ಹೇಳಬೇಕು.

ನನ್ನ ಗಂಡನ ಮನೆಯವರು ಅರಕಲಗೂಡಿನ ಕಡೆಯಿಂದ ಬಂದವರು. ಮೊದಲು ಕುಶಾಲನಗರದ ಹತ್ತಿರ ಹೊಲ ಮಾಡಿದರು, ಆಮೇಲೆ ಮಾವ ಮಾದಾಪುರದ ಮೇಲೆ ಈ ಮೂರು ಎಕರೆ ಕಾಫಿ ತೋಟ ಕೊಂಡರು. ತೋಟ ಕೊಂಡರೂ ಮನಸ್ಸು ರಾಗಿಯ ಕಣದಲ್ಲೇ ಇತ್ತು. ಕಣ ಎಂದರೆ ಹೇಗಿರಬೇಕು? ಸಗಣಿ ಸಾರಿಸಿ, ಒಂದು ಕಡ್ಡಿ ಬಿದ್ದರೂ ಕಾಣುವಂತಿರಬೇಕು. ಮಾವ ಕಾಫಿ ಗಿಡದ ಬುಡವನ್ನೂ, ಮೆಣಸಿನ ಬಳ್ಳಿಯ ಬುಡವನ್ನೂ ಹಾಗೇ ಇಟ್ಟರು. ಬೆಳಿಗ್ಗೆ ಎದ್ದರೆ ಕೈಯಲ್ಲಿ ಬರಲು, ಆ ಒರಟು ಕಡ್ಡಿ ಪೊರಕೆ. ಒಂದೊಂದು ಬಳ್ಳಿಯ ಸುತ್ತಲೂ ಉರುಟಾಗಿ ಗುಡಿಸಿ, ತರಗೆಲೆಯನ್ನೆಲ್ಲ ಮೂಲೆಗೆ ಒಯ್ದು ಬೆಂಕಿ ಹಾಕುವರು. ಸುತ್ತಲಿನ ತೋಟಗಳಲ್ಲಿ ಮೊಣಕಾಲುದ್ದ ಎಲೆ ಕೊಳೆಯುತ್ತಿದ್ದರೆ, ನಮ್ಮಲ್ಲಿ ಮಾತ್ರ ಕೆಂಪು ನೆಲ ತಟ್ಟೆಯ ಹಾಗೆ ಮಿನುಗುತ್ತಿತ್ತು.

ಪೂವಯ್ಯಣ್ಣ ಬೇಲಿಯ ಹತ್ತಿರ ನಿಂತು ಕೂಗುವರು: "ಗೌಡ್ರೇ, ಒಳ್ಳೆಮೆಣಸಿನ ಬುಡದಲ್ಲಿ ರಾಗಿ ಬಡಿಯೋದು ಯಾವಾಗ? ನಮ್ಮನ್ನೂ ಕರೀರಿ."

ಮಾವ ಬರಲು ನಿಲ್ಲಿಸದೆ ಉತ್ತರ ಕೊಡುವರು: "ನಿಮ್ ತೋಟಕ್ಕೆ ಕಾಲಿಟ್ರೆ ಬಳ್ಳಿ ತುಳುದ್ನೋ ಹಾವು ತುಳುದ್ನೋ ಗೊತ್ತಾಗಕಿಲ್ಲ ಕಣ್ರೀ ಪೂವಯ್ನೋರೇ. ಮೊದ್ಲು ಅದ ನೋಡ್ಕಳಿ."

ಇಬ್ಬರೂ ನಗುವರು. ನಾನೂ ನಗುತ್ತಿದ್ದೆ. ಆಗ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು ನಾನು. ಶಿಲೀಂಧ್ರದ ಪಾಠ ಬಂದಾಗ ಪ್ರತಿ ವರ್ಷ ಬ್ರೆಡ್ಡಿನ ಬೂಷ್ಟಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, "ಇದು ಕೊಳೆತ ವಸ್ತುಗಳ ಮೇಲೆ ಬೆಳೆಯುತ್ತದೆ" ಎಂದು ಬರೆಸಿ ಬೋರ್ಡು ಒರೆಸುತ್ತಿದ್ದೆ. ಕೊಳೆಸುವುದೇ ಅದರ ಕೆಲಸ, ಅದು ಇಲ್ಲದಿದ್ದರೆ ನಾವೆಲ್ಲ ತರಗೆಲೆಯೊಳಗೆ ಹೂತುಹೋಗಿರುತ್ತಿದ್ದೆವು ಎಂದು ಮಕ್ಕಳಿಗೆ ಒಮ್ಮೆಯೂ ಹೇಳಿದ ನೆನಪಿಲ್ಲ. ಪರೀಕ್ಷೆಗೆ ಅದು ಬರುತ್ತಿರಲಿಲ್ಲ.

ಐದು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಕೆಳಗಿನ ಪಟ್ಟಿಗೆ ಸೊರಗು ರೋಗ ಬಂತು. ನೋಡದವರಿಗೆ ಹೇಳುತ್ತೇನೆ: ಇವತ್ತು ಹಸಿರಾಗಿದ್ದ ಬಳ್ಳಿ ನಾಳೆ ಎಲೆ ಜೋಲಿಸುತ್ತದೆ. ವಾರದಲ್ಲಿ ಎಲೆ ಉದುರುತ್ತದೆ, ಆಮೇಲೆ ಗೆಣ್ಣು ಗೆಣ್ಣಾಗಿ ಮುರಿದು ಬೀಳುತ್ತದೆ. ಬುಡ ಅಗೆದರೆ ಬೇರು ಕಪ್ಪಾಗಿ, ಹಿಸುಕಿದರೆ ಲೋಳೆ. ಆ ವರ್ಷ ಹನ್ನೊಂದು ಬಳ್ಳಿ ಹೋದವು. ಉಳಿದದ್ದು ನಲವತ್ತೊಂದು.

ಮುಂದಿನ ಬೇಸಿಗೆಯಲ್ಲಿ ಕಾಫಿ ಒಣಗಿಸುವ ಕಣದ ಮೆಟ್ಟಿಲಿನಿಂದ ಜಾರಿ ಮಾವನ ಮಂಡಿ ಊದಿಕೊಂಡಿತು. ಕೋಲು ಹಿಡಿದರು, ಬರಲು ಬಿಟ್ಟರು. ಗುಡಿಸಲಾಗದ ಸಿಟ್ಟೋ, ಬಳ್ಳಿ ಹೋದ ದುಃಖವೋ, ಒಂದು ದಿನ ಜಗಲಿಯಲ್ಲಿ ಕೂತು ನನ್ನನ್ನು ಕರೆದರು.

"ಕೆಳಗಿನ ಪಟ್ಟಿ ಈ ಮಳೆಗಾಲ ನಿಂದು ಕಣವ್ವ. ಪುಸ್ತಕದಾಗೆ ಏನೈತೋ ಅದ ಮಾಡು. ಉಳುದ್ರೆ ಉಳೀತು. ಇಲ್ದಿದ್ರೆ ಬೇರು ಸಮೇತ ಕಿತ್ತಾಕ್ಸಿ ಬೆಂಕಿ ಇಡ್ತೀನಿ. ಇನ್ನ ಮೆಣಸಿನ ಸವಾಸ ಬ್ಯಾಡ."

ಮದುವೆಯಾಗಿ ಮೂವತ್ತು ವರ್ಷಕ್ಕೆ ಅವರು ತೋಟದ ಒಂದು ತುಂಡನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ನಾನು ಅಂಗಡಿಗೆ ಹೋಗಿ ಹೊಸ ನೋಟ್‌ಬುಕ್ ತಂದೆ. ನಗಬೇಡಿ, ಬೇರೆಯವರಾದರೆ ಗುದ್ದಲಿ ತರುತ್ತಿದ್ದರು.

ಪಂಚಾಯಿತಿಯ ಹಾಲಿನಲ್ಲಿ ಒಂದು ತರಬೇತಿ ನಡೆಯಿತು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಅಧಿಕಾರಿ ಹುಡುಗಿ ಒಂದು ಪೊಟ್ಟಣ ಎತ್ತಿ ತೋರಿಸಿದಳು. ಟ್ರೈಕೊಡರ್ಮ ಎಂಬ ಶಿಲೀಂಧ್ರ. ಸೊರಗು ತರುವ ರೋಗಾಣುವನ್ನು ಮಣ್ಣಿನಲ್ಲೇ ಸುತ್ತಿ ಹಿಡಿದು ತಿನ್ನುತ್ತದಂತೆ. ಬೇರು ಹೆಚ್ಚು ಒಡೆಯುವಂತೆ ಮಾಡುತ್ತದಂತೆ. ತರಗೆಲೆಯನ್ನೂ ಕಾಫಿ ಸಿಪ್ಪೆಯನ್ನೂ ಕರಗಿಸಿ ಗೊಬ್ಬರ ಮಾಡುತ್ತದಂತೆ. "ಮೇಡಂ, ಇದು ಪುಡಿ ಅಲ್ಲ, ಜೀವ. ಬಿಸಿಲಲ್ಲಿ ಇಡಬೇಡಿ. ಬೋರ್ಡೋ ತಾಗಿಸಬೇಡಿ, ತಾಮ್ರದ ಔಷಧಿಗೆ ಇದು ಸಾಯುತ್ತದೆ, ಮೂರು ವಾರ ಅಂತರ ಇರಲಿ. ಬುಡದ ಎಲೆ ಗುಡಿಸಬೇಡಿ" ಎಂದಳು. ನಾನು ಮೂರನ್ನೂ ಬರೆದುಕೊಂಡು ಎರಡನೆಯದರ ಕೆಳಗೆ ಗೆರೆ ಎಳೆದೆ. ಮನೆಗೆ ಬಂದು ಗಂಡನಿಗೆ ಹೇಳಿದೆ, ಬುಡ ಗುಡಿಸಬೇಡ ಎಂದಷ್ಟೇ ಕೆಲಸದ ಸೆಲ್ವಿಗೆ ಹೇಳಿದೆ. ಮಾವನಿಗೆ ಮಾತ್ರ ಹೇಳಲಿಲ್ಲ. ಯಾಕೆ ಎಂದು ಈಗ ನಾನೇ ಕೇಳಿಕೊಳ್ಳುತ್ತೇನೆ. ಪಟ್ಟಿ ನನ್ನದಲ್ಲವೇ, ಕೇಳಿ ಮಾಡುವ ಕಾಲ ಮುಗಿಯಿತು ಎಂಬ ಜಂಬ ಇದ್ದಿರಬೇಕು.

ಕೊಟ್ಟಿಗೆಯ ಪಕ್ಕದ ನೆರಳಿನಲ್ಲಿ ಸಗಣಿ ಗೊಬ್ಬರಕ್ಕೆ ಬೇವಿನ ಹಿಂಡಿ, ಬೆಲ್ಲದ ನೀರು, ಪೊಟ್ಟಣದ ಪುಡಿ ಎಲ್ಲ ಕಲಸಿ, ಒದ್ದೆ ಗೋಣಿ ಮುಚ್ಚಿದೆ. ಎಂಟನೇ ದಿನ ಗೋಣಿ ಎತ್ತಿದರೆ ಗುಡ್ಡೆಯ ಮೇಲೆಲ್ಲ ಹಸಿರು ಮಖಮಲ್ಲು. ಮೂಗು ಹತ್ತಿರ ಒಯ್ದರೆ ಕೊಬ್ಬರಿ, ಡಬ್ಬಿಯ ಮುಚ್ಚಳ ಆಗಷ್ಟೇ ತೆಗೆದ ಒಣಕೊಬ್ಬರಿ. ಯಾರನ್ನೂ ಕರೆಯದೆ ಸುಮ್ಮನೆ ಮುಚ್ಚಿ ಒಳಗೆ ಬಂದೆ. ಅಷ್ಟು ಸಂತೋಷವಾಗಿತ್ತು.

ಎರಡು ದಿನ ಬಿಟ್ಟು ಬೋರ್ಡೋ ಹೊಡೆಯುವ ದಿನ. ಮಳೆಗೆ ಮೊದಲು ಬಳ್ಳಿಯ ಎಲೆಗೆಲ್ಲ ಮೈಲುತುತ್ತ ಮತ್ತು ಸುಣ್ಣದ ನೀಲಿ ದ್ರಾವಣ ಸಿಂಪಡಿಸುವುದು ನಮ್ಮಲ್ಲಿ ಹಬ್ಬದಂತೆ. ಎಲ್ಲ ಬಿಟ್ಟರೂ ಮಾವ ಇದನ್ನು ಬಿಟ್ಟುಕೊಟ್ಟವರಲ್ಲ. ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಹಳೆಯ ಕುಡುಗೋಲನ್ನು ದ್ರಾವಣದಲ್ಲಿ ಅದ್ದಿ ಎತ್ತಿ ನೋಡುವರು. ಅಲಗಿಗೆ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ. ಆ ದಿನ ನಾನು ಪರೀಕ್ಷೆಯ ಡ್ಯೂಟಿಗೆ ಸೋಮವಾರಪೇಟೆಗೆ ಹೋಗಿದ್ದೆ. ಸಂಜೆ ಬಂದಾಗ ಬಳ್ಳಿಗಳ ಮೇಲೆಲ್ಲ ನೀಲಿಬಿಳಿ ಚುಕ್ಕಿ, ಮಾವನ ಮುಖದಲ್ಲಿ ನೆಮ್ಮದಿ.

ಮೂರು ದಿನ ಬಿಟ್ಟು ಗೋಣಿ ಎತ್ತಿದೆ. ಹಸಿರು ಇರಲಿಲ್ಲ. ಗುಡ್ಡೆ ಬೂದು ನೀಲಿಯಾಗಿ, ಉದುರುದುರಾಗಿತ್ತು. ಕೊಬ್ಬರಿಯ ವಾಸನೆಯೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಅವತ್ತಿನ ದಿನ ನಾನು ಬರೆದದ್ದು ಒಂದೇ ಶಬ್ದ: "ಹದವಾಗಿದೆ." ವಿಜ್ಞಾನದ ಟೀಚರು!

ಸಿಂಪಡಿಸಿ ಮೂರು ವಾರ ಕಳೆದ ಮೇಲೆ ಹಾಕಿದ ಗೊಬ್ಬರ ಇಪ್ಪತ್ತನಾಲ್ಕು ಬಳ್ಳಿಗೆ ಆಯಿತು, ಒಂದೊಂದಕ್ಕೆ ಒಂದೊಂದು ಮಂಕರಿ ಬುಟ್ಟಿ. ಉಳಿದ ಹದಿನೇಳಕ್ಕೆ ಇಲ್ಲ. ಬಳ್ಳಿ ಹಬ್ಬಿದ ಸಿಲ್ವರ್ ಮರಗಳ ಮೇಲೆ ಸುಣ್ಣದಿಂದ ಒಂದರಿಂದ ನಲವತ್ತೊಂದರ ತನಕ ನಂಬರು ಬರೆದೆ. ಮಾವ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಇದ್ದುದರಿಂದ ಆ ವರ್ಷ ಪಟ್ಟಿಯಲ್ಲಿ ಬರಲು ಆಡಲಿಲ್ಲ. ಮರಗಸಿಯಲ್ಲಿ ನೆರಳು ತೆಳುಮಾಡಲು ಕಡಿದ ಕೊಂಬೆಯ ಎಲೆಯೆಲ್ಲ ಬಿದ್ದಲ್ಲೇ ಬಿತ್ತು. ಸಾಲದ್ದಕ್ಕೆ ಸೆಲ್ವಿ, ಹೊತ್ತು ಆಚೆ ಸಾಗಿಸುವ ಸೋಮಾರಿತನಕ್ಕೆ, ಕಾಫಿ ಸಿಪ್ಪೆಯನ್ನೂ ಅಲ್ಲೇ ಚೆಲ್ಲಿದ್ದಳು.

ಮಳೆಗಾಲ ಮುಗಿಯುವಾಗ ಬಳ್ಳಿಗಳು ಉಳಿದಿದ್ದವು. ನಾನು ಮತ್ತೆ ಮತ್ತೆ ಎಣಿಸಿದೆ. ಗೊಬ್ಬರ ಹಾಕಿದ ಇಪ್ಪತ್ತನಾಲ್ಕರಲ್ಲಿ ಮೂರು ಮಾತ್ರ ಹೋಗಿದ್ದವು. ಮಾವ ಜಗಲಿಯಿಂದಲೇ ಬೇಲಿಯ ಆಚೆಗೆ ಕೂಗಿದರು: "ಪೂವಯ್ನೋರೇ, ಬಂದು ನೋಡಿ. ನನ್ ಸೊಸೆ ಗೊಬ್ರ!" ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆ ಡಿಸೆಂಬರಿನಲ್ಲಿ ಅದೇ ಪಂಚಾಯಿತಿ ಹಾಲಿನಲ್ಲಿ ನನ್ನನ್ನು ಮಾತಾಡಲು ಕರೆದರು. ನಾನು ಮೈಕು ಹಿಡಿದು, ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೊಂದು ಉಳಿಯಿತು ಎಂದೆ. ತಾಮ್ರದ ಔಷಧಿ ಈ ಜೀವವನ್ನು ಕೊಲ್ಲುತ್ತದೆ ಎಂದೆ. ಇದೊಂದು ಸಾಕು ಎಂದೂ ಅಂದೆನೇ? ಅಂದಿರಬೇಕು. ಜನ ಚಪ್ಪಾಳೆ ತಟ್ಟಿದರು. ಎರಡನೇ ಸಾಲಿನಲ್ಲಿ ಪೂವಯ್ಯಣ್ಣ ಕೂತಿದ್ದರು. ಮುಂದಿನ ಮಳೆಗೆ ಅವರು ಗುಡ್ಡೆ ಮಾಡಿದರು, ನನಗಿಂತ ಚೆನ್ನಾಗಿಯೇ ಮಾಡಿದರು, ಬೋರ್ಡೋ ಪೂರ್ತಿ ನಿಲ್ಲಿಸಿದರು. ಜುಲೈ ಕೊನೆಗೆ ಅವರ ತೋಟದಲ್ಲಿ ಬಳ್ಳಿಗಳು ಹಗ್ಗದ ಹಾಗೆ ಜೋತವು. ನಾನು ನೋಡಲು ಹೋದಾಗ ಅವರು, "ನಾನೇ ಎಲ್ಲೋ ತಪ್ಪಿದೆ ಟೀಚರೇ. ನಿಮ್ಮದು ಬಂತಲ್ಲ" ಎಂದರು. ನಾನು ಸತ್ತ ಬಳ್ಳಿಗಳನ್ನು ಎಣಿಸಿಕೊಂಡು ಮನೆಗೆ ಬಂದೆ.

ಈಗ ಬುಧವಾರಕ್ಕೆ ಬರೋಣ. ಮೂವತ್ತೊಂದನೇ ಬಳ್ಳಿಯ ಬುಡದಲ್ಲಿ ಕೂತು ನಾನು ಸೆಲ್ವಿಯನ್ನು ಕರೆದೆ. "ನೋಡು, ಆ ವರ್ಷ ನಮ್ಮ ಗೊಬ್ಬರದ ಗುಡ್ಡೆಯಲ್ಲಿ ಇದೇ ವಾಸನೆ ಇತ್ತು. ಈ ಬಳ್ಳಿಗೆ ನಾವು ಗೊಬ್ಬರ ಹಾಕಿಯೇ ಇಲ್ಲವಲ್ಲ, ಇದು ಹೇಗೆ ಬಂತು?"

ಸೆಲ್ವಿ ಬಗ್ಗಿ ಮೂಸಿದಳು. "ಯಾವ ಗುಡ್ಡೆ ಟೀಚರಮ್ಮ? ಅಯ್ಯ ಬೋರ್ಡೋ ಹಾಕ್ಸಿದ್ರಲ್ಲ, ಅದಾ?"

"ಯಾವಾಗ?"

"ಔಷಧಿ ಹೊಡೆದ ದಿನ. ಡ್ರಮ್ಮಲ್ಲಿ ಎರಡು ಬಕೆಟ್ ಮಿಕ್ಕಿತ್ತು. ನಾನೇ ಗುಡ್ಡೆ ಮೇಲೆ ಬಕೆಟ್ ಬಗ್ಗಿಸಿ ಊತಿದ್ದು. ಅಯ್ಯ ಕೋಲು ತೋರ್ಸಿ ಮಗುಚು ಅಂದ್ರು, ಮಗುಚಿದೆ."

"ನನಗೆ ಯಾಕೆ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ?" ಎಂದಳು. ನಾನು ನೆಲದ ಮೇಲೆ ಹಾಗೇ ಕೂತದ್ದು ನೋಡಿ ಅವಳಿಗೆ ಗಾಬರಿಯಾಯಿತು. "ಬಳ್ಳಿ ಉಳೀತಲ್ಲ, ಬಿಡಿ. ಆ ವರ್ಷ ಆಗಸ್ಟಲ್ಲಿ ಮಳೆ ಬಿಟ್ಟಿತ್ತು, ಅದಕ್ಕೇ ಉಳೀತು."

ಮನೆಗೆ ಬಂದು ನೋಟ್‌ಬುಕ್ ಹುಡುಕಿದೆ. ಇಪ್ಪತ್ತೈದರಿಂದ ನಲವತ್ತೊಂದರ ತನಕದ ಪುಟ ಇತ್ತು, ನನ್ನದೇ ಅಕ್ಷರ. ಗೊಬ್ಬರ ಹಾಕದ ಆ ಹದಿನೇಳರಲ್ಲಿ ಹೋದದ್ದು ಎರಡು. ಇಪ್ಪತ್ತನಾಲ್ಕಕ್ಕೆ ಮೂರು, ಹದಿನೇಳಕ್ಕೆ ಎರಡು. ಹೆಚ್ಚು ಕಡಿಮೆ ಒಂದೇ. ನಾನು ಎಣಿಸಿದ್ದೆ, ಬರೆದಿದ್ದೆ, ಆದರೆ ಮೈಕು ಹಿಡಿದಾಗ ಆ ಪುಟ ನನಗೆ ಇರಲೇ ಇಲ್ಲ. ಒಂದು ಕುಂಡ ಬಿಸಿಲಿಗಿಡಿ, ಇನ್ನೊಂದು ಕತ್ತಲೆಗಿಡಿ, ಎರಡನ್ನೂ ನೋಡಿ ಎಂದು ಎಷ್ಟು ತಲೆಮಾರಿನ ಮಕ್ಕಳಿಗೆ ಹೇಳಿದ್ದೇನೆ. ಬಳ್ಳಿಗಳ ಎಲೆಗೆ ಬೋರ್ಡೋ ಹೊಡೆದಿದ್ದೆವು ಎಂಬುದನ್ನೂ ನಾನು ಅಲ್ಲಿ ಹೇಳಿರಲಿಲ್ಲ. ಅದು ಪ್ರತಿ ವರ್ಷ ಇದ್ದದ್ದೇ, ಹೇಳಬೇಕೆಂದು ತೋಚಿರಲಿಲ್ಲ.

ಸಂಜೆ ಮಾವನ ಪಕ್ಕ ಜಗಲಿಯಲ್ಲಿ ಕೂತೆ. "ಮಾವ, ಆ ವರ್ಷ ನನ್ನ ಗೊಬ್ಬರಕ್ಕೆ ಬೋರ್ಡೋ ಹುಯ್ಸಿದ್ರಾ?"

"ಹೂಂ" ಎಂದರು, ಸಕ್ಕರೆ ಹಾಕಿದ್ದೀರಾ ಎಂದು ಕೇಳಿದವರಿಗೆ ಹೇಳುವಂತೆ. "ಬೂಷ್ಟು ಹಿಡ್ದಿತ್ತು ಕಣವ್ವ. ರಾಗಿಗೆ ಹಿಡ್ದಂಗೆ ಹಸ್ರು ಬೂಷ್ಟು. ಓದಿದೋಳು, ನಾಕ್ ಜನಕ್ಕೆ ಹೇಳ್ಕಂಡು ಮಾಡಿದ್ದೆ. ಕೆಟ್ಟೋಯ್ತು ಅಂದ್ರೆ ನೊಂದ್ಕತೀಯ ಅಂತ, ಔಷ್ದಿ ಹುಯ್ಸಿ, ಹಂಗೇ ಗೋಣಿ ಮುಚ್ಚಿಸ್ದೆ."

"ಆಮೇಲೆ ಬಳ್ಳಿ ಉಳೀತಲ್ಲ?"

"ನಾನು ಹುಯ್ಸಿದ್ದಕ್ಕೇ ಉಳುದದ್ದು. ಇರ್ಲಿ, ಹೆಸ್ರು ನಿಂಗಿರ್ಲಿ ಅಂತ ಬುಟ್ಟೆ."

ಅವರು ನಕ್ಕರು. ನಾಲ್ಕು ವರ್ಷ ನಾನು ಬಳ್ಳಿ ಉಳಿಸಿದೆ ಎಂದು ಓಡಾಡಿದ್ದೆ. ನಾಲ್ಕು ವರ್ಷ ಅವರು ತಾವು ಉಳಿಸಿ ನನಗೆ ದಾನ ಮಾಡಿದೆ ಎಂದು ಕೂತಿದ್ದರು. ಸೆಲ್ವಿಯ ಲೆಕ್ಕದಲ್ಲಿ ಉಳಿಸಿದ್ದು ಮಳೆ. ಗುಡಿಸದ ಎಲೆಯ ಕೆಳಗೆ ಯಾರೂ ಹಾಕದೆ, ಯಾರಿಗೂ ಹೇಳದೆ ತಾನಾಗಿ ಬೆಳೆದದ್ದು ಉಳಿಸಿತೋ? ಅಥವಾ ಪೊಟ್ಟಣದ್ದೇ ಒಂದು ಚೂರು ಬದುಕಿ, ಸೆಲ್ವಿಯ ಮಂಕರಿಯ ತಳಕ್ಕೋ ಕಾಲಿಗೋ ಅಂಟಿ ಮೂವತ್ತೊಂದರ ತನಕ ನಡೆದು ಬಂತೋ? ಆ ರಾತ್ರಿ ಯೋಚಿಸಿದೆ, ಮರುದಿನವೂ ಯೋಚಿಸಿದೆ. ಒಂದನ್ನು ನಂಬಿದರೆ ಇನ್ನೊಂದು ಎದ್ದು ನಿಲ್ಲುತ್ತದೆ. ನನಗೆ ಗೊತ್ತಾದದ್ದು ಒಂದೇ: ಪೂವಯ್ಯಣ್ಣ ತಪ್ಪಿರಲಿಲ್ಲ. ಅವರು ನನ್ನ ಮಾತಿನಂತೆ ಸರಿಯಾಗಿ ಮಾಡಿದ್ದರು. ನಾನು ಮಾಡಿದ್ದೇ ಬೇರೆ, ಹೇಳಿದ್ದೇ ಬೇರೆ.

ಭಾನುವಾರ ಅವರು ಬಂದರು. ಬೇಲಿಯ ಹತ್ತಿರವೇ ಹಿಡಿದು ಹೇಳಬೇಕು, ಮಾವನ ಕಿವಿಗೆ ಬೀಳಬಾರದು ಎಂದುಕೊಂಡಿದ್ದೆ. ಅವರು ನೇರ ಜಗಲಿಗೇ ಬಂದು ಮಾವನ ಪಕ್ಕದಲ್ಲಿ ಕೂತರು.

"ಹೇಳಿ ಟೀಚರೇ. ಅದೇ ಗೊಬ್ಬರವಾ?"

ನಾನು ಬಾಯಿ ತೆರೆಯುವ ಮೊದಲೇ ಮಾವ, "ಬರೀ ಅದಲ್ಲ ಪೂವಯ್ನೋರೇ. ಅದ್ರ ಮೇಲೆ ನಾನು ಎರಡು ಬಕೀಟು ಬೋರ್ಡೋ ಹುಯ್ಸಿದ್ದೆ. ಅದೇ ಗುಟ್ಟು" ಎಂದರು.

ಪೂವಯ್ಯಣ್ಣ ನಕ್ಕರು. ಆಮೇಲೆ ನನ್ನ ಮುಖ ನೋಡಿದರು, ನಗು ನಿಂತಿತು. ನಾನು ನೋಟ್‌ಬುಕ್ ತಂದು ಎರಡೂ ಪುಟ ತೋರಿಸಿದೆ. ಬೋರ್ಡೋ ಎಲೆಗೂ ಬಿದ್ದಿತ್ತು, ಗುಡ್ಡೆಗೂ ಬಿದ್ದಿತ್ತು. ಗೊಬ್ಬರ ಹಾಕದವೂ ಅಷ್ಟೇ ಉಳಿದಿದ್ದವು. ಎರಡನ್ನೂ ನಾನು ಮೈಕಿನಲ್ಲಿ ಹೇಳಲಿಲ್ಲ. ಇಷ್ಟನ್ನು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಅವರು ಲೋಟ ಕೆಳಗಿಟ್ಟರು.

"ಮೂರು ವರ್ಷ ನಾನು ನನ್ನ ಕೈಯನ್ನೇ ಬೈಕೊಂಡೆ" ಎಂದರು. ಧ್ವನಿ ಏರಿಸಲಿಲ್ಲ. "ಕೈ ಸರಿ ಇಲ್ಲ ಅಂತ ಹೊಸ ಬಳ್ಳಿ ನೆಡೋದಕ್ಕೂ ಹೆದರಿ ಕೂತಿದ್ದೆ."

"ತಪ್ಪು ನನ್ನದು ಪೂವಯ್ಯಣ್ಣ."

ಅವರು ನಮ್ಮ ತೋಟದ ಕಡೆಗೆ ಕೈ ತೋರಿಸಿದರು. "ಹಾಗಾದ್ರೆ ನಿಮ್ಮ ಬಳ್ಳಿ ಉಳಿಸಿದ್ದು ಎಂತ?"

"ಗೊತ್ತಿಲ್ಲ."

"ಟೀಚರಾಗಿ ಗೊತ್ತಿಲ್ಲ ಅಂತೀರಲ್ಲ!"

"ಗೊತ್ತಿಲ್ಲ. ಎಲೆಗೆ ಬೋರ್ಡೋ ನಿಲ್ಲಿಸಬೇಡಿ. ಬುಡದ ಎಲೆ ಗುಡಿಸಬೇಡಿ. ಗೊಬ್ಬರ ಅರ್ಧಕ್ಕೆ ಹಾಕಿ, ಅರ್ಧಕ್ಕೆ ಬೇಡ. ಎರಡನ್ನೂ ಎಣಿಸೋಣ, ನಾನು ವಾರಕ್ಕೊಮ್ಮೆ ಬರ್ತೇನೆ."

ಅವರು ಎದ್ದು ಮೆಟ್ಟಿಲಿಳಿದು, ಅಂಗಳದ ಕೊನೆಯಲ್ಲಿ ನಿಂತು, "ಬರುವಾಗ ಆ ನೋಟ್‌ಬುಕ್ ಬೇಡ. ನಾನೇ ಬರೀತೇನೆ" ಎಂದು ಹೋದರು.

ಮಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಆ ಬೂಷ್ಟು ಬೇಕಾದ್ದೇನವ್ವ?" ಎಂದು ಕೇಳಿದರು.

"ಹೂಂ ಮಾವ. ಜೀವ ಇತ್ತಂತೆ. ನಾನು ನಿಮಗೆ ಹೇಳಿರಲಿಲ್ಲ."

"ನಾನು ಸಾಯಿಸ್ದ್ನಾ?"

ಆಗಲೂ ನನಗೆ ಹೇಳಲು ಆದದ್ದು ಅದೇ ಒಂದು ಶಬ್ದ, ಗೊತ್ತಿಲ್ಲ. ಅವರು ಕೋಲು ಹುಡುಕಿ ಎದ್ದರು. ಬೇಡವೆಂದರೂ ಕೇಳದೆ ಒಂದೊಂದೇ ಹೆಜ್ಜೆ ಇಟ್ಟು ಕೆಳಗಿನ ಪಟ್ಟಿಗೆ ಇಳಿದರು, ನಾನು ಹಿಂದೆ. ಸಿಲ್ವರ್ ಮರದ ಮೇಲೆ ಸುಣ್ಣದ ನಂಬರು ಮಾಸಿತ್ತು, ಆದರೂ ಓದಬಹುದಿತ್ತು. ಬುಧವಾರ ನಾನು ಎಲೆ ಸರಿಸಿದ ಜಾಗ ಹಾಗೇ ತೆರೆದಿತ್ತು. ಹೊರಗೆ ಬಿದ್ದ ಬಿಳಿ ನೂಲು ಒಣಗಿ ಕಾಣದಾಗಿತ್ತು. ವಾಸನೆ ಇರಲಿಲ್ಲ.

"ಹಿಂಗೆ ತೆರೆದು ಬಂದಿದ್ದೀಯಲ್ಲ. ಬಿಸ್ಲು ಬೀಳಕಿಲ್ವಾ?" ಎಂದರು ಮಾವ.

ಬಗ್ಗಲಾಗದೆ, ಕೋಲಿನ ತುದಿಯಿಂದ ಸುತ್ತಲಿನ ತರಗೆಲೆಯನ್ನು ಎಳೆದು ಎಳೆದು ಬುಡಕ್ಕೆ ತಂದರು. ಮೊದಲು ಹಸಿ ಎಲೆ, ಅದರ ಮೇಲೆ ಒಣಗಿದ್ದು. ಒಂದು ಎಲೆ ಜಾರಿ ಆಚೆ ಬಿದ್ದರೆ ಅದನ್ನೂ ಹಿಂದಕ್ಕೆ ಎಳೆದರು. ಮುಗಿದಾಗ, ನಾನು ಅಗೆದದ್ದು ಎಲ್ಲಿ ಎಂದು ನನಗೇ ಗೊತ್ತಾಗಲಿಲ್ಲ.